ಅರ್ಧ ಮೀಟರಿಗೆ ಕಮ್ಮಿ

ಗಾಂಧಿ ಬಜಾರಿನ ಒಳಗಲ್ಲಿ, ನಜೀರ್ ಸಾಬರ ಕಟ್‌ಪೀಸ್ ಅಂಗಡಿ.
ಮೀಟರ್ ಕೋಲು ಮೂಲೆಗೆ ಒರಗಿದೆ,
ಬಟ್ಟೆ ತಕ್ಕಡಿಗೆ ಬೀಳುತ್ತದೆ ಈರುಳ್ಳಿಯ ಹಾಗೆ.
ಕಿಲೋಗೆ ನೂರಾ ಎಂಬತ್ತು.
"ಆಸ್ಪತ್ರೆ ಕೂಸುಗಳಿಗಾ? ನೂರೈವತ್ತು ಕೊಡಿ"
ಎಂದು ಒಂದು ಹಿಡಿ ಹಳದಿ ವಾಯಿಲ್ಲು
ಕೊಸರು ಹಾಕುತ್ತಾರೆ.

ನನ್ನ ಬುಟ್ಟಿ ಬೇರೆ.
ದುರ್ಗಿಗುಡಿಯಲ್ಲಿ ಮೂವತ್ತೊಂದು ವರ್ಷ ರವಿಕೆ ಹೊಲಿದವಳು;
ಕೊರಳು ಕತ್ತರಿಸಿದಾಗ ಉದುರಿದ್ದು, ಕಂಕುಳಿನ ಓರೆ,
ತೋಳಿಗೆ ಸಾಲದೆ ಉಳಿದದ್ದು,
ಎಲ್ಲವೂ ಅರ್ಧ ಮೀಟರಿಗೆ ಕಮ್ಮಿ.
ಮುಖ ಮರೆತೀತು, ತುಂಡು ಮರೆಯೋಲ್ಲ:
ಈ ಕುಂಕುಮದ್ದು ಬ್ಯಾಂಕಿನ ಮೇಡಮ್ಮಿನದು,
ಈ ಚೌಕುಳಿ ಗಾಜನೂರಿನ ಅಕ್ಕತಂಗಿಯರದು, ಒಂದೇ ತಾನಿನಲ್ಲಿ ಮೂವರಿಗೆ.
ಈ ಗಿಳಿಹಸಿರು
ಅಡ್ವಾನ್ಸು ಕೊಟ್ಟು, ಅಳತೆ ಕೊಟ್ಟು,
ಒಯ್ಯಲು ಬಾರದೇ ಹೋದವರದು.

ಮಂಗಳವಾರ ಲೈನ್ ರಿಪೇರಿ, ಸಂಜೆವರೆಗೂ ಕರೆಂಟಿಲ್ಲ.
ಮೋಟರಿನ ಮಿಷನ್ನು ಬಾಯಿ ಮುಚ್ಚಿದರೆ
ನಾವು ಚಾಪೆ ಹಾಸುತ್ತೇವೆ:
ಫೈರೋಜಾ, ಮರ್ಸಿಲಿನ್ ಟೀಚರು, ರಟ್ಟಿಹಳ್ಳಿಯಿಂದ ಸೊಸೆಯಾಗಿ ಬಂದು
ಇಲ್ಲೇ ಅಜ್ಜಿಯಾದ ನಾಗವೇಣಕ್ಕ.

ಮೊದಲ ವಾರವೇ ಜಗಳ.
ವಾರ್ಡಿನ ಪ್ರಫುಲ್ಲಾ ಸಿಸ್ಟರು ಚೀಟಿ ಕಳಿಸಿದ್ದರು:
ಹಳೆ ಬಟ್ಟೆ ಬೇಡ. ಜರಿ ಬೇಡ, ಗುಂಡಿ ಬೇಡ,
ಕುದಿಯುವ ನೀರು ತಡೆಯಬೇಕು.
ನಾಗವೇಣಕ್ಕ ಸೂಜಿ ಕೆಳಗಿಟ್ಟಳು.
"ಹುಟ್ಟಿದ ಕೂಸಿಗೆ ಹೊಸಾ ಅರಿವಿ ಹಾಕ್ತಾರೇನವ್ವಾ?
ಚುಚ್ಚತೈತಿ. ಹತ್ತು ಮನಿ ಹಳೇ ಸೀರಿ ಬೇಡಿ ತರಬೇಕು,
ಹತ್ತು ಮಂದಿ ಆಯುಷ್ಯ ಬರತೈತಿ."

ಸಿಸ್ಟರದೂ ಸುಳ್ಳಲ್ಲ, ಅಕ್ಕನದೂ ಸುಳ್ಳಲ್ಲ.
ಹಾಗಾಗಿ ನಾವು ಹೊಸದಕ್ಕೆ ವಯಸ್ಸು ಮಾಡಿಸುತ್ತೇವೆ.
ಹಂಡೆಯಲ್ಲಿ ಮೂರು ಸಲ ಕುದಿ, ಕಲ್ಲಿಗೆ ಬಡಿ, ಬಿಸಿಲಿಗೆ ಹಾಕು,
ಗಂಜಿ ಬಿಡುವ ತನಕ, ಬಣ್ಣದ ಸೊಕ್ಕು ಇಳಿಯುವ ತನಕ.
ಮರ್ಸಿಲಿನ್ ಟೀಚರು ಒದ್ದೆ ತುಂಡನ್ನು ಕೆನ್ನೆಗೆ ಒತ್ತಿ
"ಫೇಲು, ಇನ್ನೊಂದು ಸಲ" ಅನ್ನುತ್ತಾರೆ.

ಅವರ ಕಡೆ ಕೌದಿಯ ಹೊಟ್ಟೆ ಖಾಲಿ ಬಿಡಬಾರದಂತೆ,
ಕೊನೆಯ ಮೂಲೆಯಲ್ಲಿ ನಾಕು ಕಾಳು ಇಟ್ಟು ಮುಚ್ಚಬೇಕಂತೆ.
ಕಾಳಿಗೂ ಸಿಸ್ಟರು ಒಪ್ಪಲಿಲ್ಲ.
ಈಗ ನಾಗವೇಣಕ್ಕ ಆ ಬಾಯಿಗೆ ತನ್ನ ಬಾಯಿ ತಂದು
"ಉಂಡ್ಯಾ?" ಎಂದು ಒಳಗೆ ಕೇಳಿ
ಬೇಗ ಬೇಗ ಹೊಲಿದುಬಿಡುತ್ತಾಳೆ.
ಫೈರೋಜಾ ನಗುತ್ತಾಳೆ. ತನ್ನ ಸರದಿ ಬಂದಾಗ
ಅವಳೂ ಏನೋ ಅನ್ನುತ್ತಾಳೆ, ನಮಗೆ ಕೇಳದ ಹಾಗೆ.

ಆಷಾಢದಲ್ಲಿ ಹದಿನಾಲ್ಕು ಕೊಟ್ಟು ಬರಲು ಹೋಗಿದ್ದೆ.
ಗಾಜಿನಾಚೆ ಒಂದನ್ನು ತೂಗುತ್ತಿದ್ದರು:
ಒಂದು ಕಿಲೋ ಇನ್ನೂರು.
ನನ್ನ ಕಂಕುಳ ಗಂಟೇ ಅದಕ್ಕಿಂತ ಭಾರ.
ಗಂಟನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡೆ.

ತಾಯಿ ನಿಟ್ಟೂರಿನ ಕಡೆಯವಳು, ಸುಗಂಧಿ ಅಂತ ಹೆಸರು.
ಕೌದಿ ತಿರುಗಿಸಿ ಹೊಲಿಗೆ ನೋಡಿ, ಬೆಲೆ ಕೇಳಿದಳು.
ಇಲ್ಲ ತಾಯಿ, ಹೀಗೇ ಕೊಡೋದು, ಅಂದೆ.
ಸುಮ್ಮನಿದ್ದಳು. ಆಮೇಲೆ
"ನೀವು ರವಿಕೆ ಹೊಲಿಯೋರಾ?
ಹಾಗಿದ್ರೆ ನನಗೊಂದು ಹೊಲೀರಿ. ಹೆಸರಿಡೋ ದಿನಕ್ಕೆ ಬೇಕು"
ಎಂದು ಸೆರಗಿನ ಗಂಟು ಬಿಚ್ಚಿ, ಮಡಿಸಿದ ಐವತ್ತರ ನೋಟು.

ಟೇಪು ತಂದಿರಲಿಲ್ಲ.
ಕೌದಿಯ ನೂಲಿನಲ್ಲೇ ಅಳೆದೆ:
ಎದೆಗೊಂದು ಗಂಟು, ತೋಳಿಗೊಂದು ಗಂಟು.
"ಎದೆ ಸ್ವಲ್ಪ ಸಡಿಲ ಬಿಡಿ," ಅಂದಳು,
"ಹಾಲು ಬರತ್ತೆ."

ನೀಲಿಯ ಮೇಲೆ ಬಿಳಿ ಚುಕ್ಕೆ; ಮುಂದೆ ಹುಕ್ಕು.
ದಸರಾ ಕಳೆಯಿತು, ದೀಪಾವಳಿಯೂ.
ರವಿಕೆ ಹ್ಯಾಂಗರಿನಲ್ಲಿದೆ, ಗಿಳಿಹಸಿರಿನ ಪಕ್ಕ ಅಲ್ಲ,
ಬಾಗಿಲ ಹತ್ತಿರ, ರಸ್ತೆಯಿಂದ ಕಾಣುವಲ್ಲಿ.
ಆಸ್ಪತ್ರೆಯಲ್ಲಿ ಕೇಳಬಹುದಿತ್ತು. ಕೇಳಿಲ್ಲ.

ಮಂಗಳವಾರ ಫೈರೋಜಾ ಮಿಷನ್ನಿನ ಡ್ರಾಯರು ಎಳೆದು
ಗಂಟು ಹಾಕಿದ ನೂಲಿನ ಜೊತೆ ಮಡಿಸಿಟ್ಟ
ಅಂಗೈಯಗಲದ ನೀಲಿ ಎತ್ತಿ ಹಿಡಿಯುತ್ತಾಳೆ.
"ಅಕ್ಕಾ, ಈ ಮೂಲೆಗೆ ಇದು ಸರಿಯಾಗತ್ತೆ."

ಸರಿಯಾಗತ್ತೆ. ನನಗೂ ಕಾಣುತ್ತದೆ.
ಇರಲಿ, ಅದು ಗಿರಾಕಿದು, ಅನ್ನುತ್ತೇನೆ.
ಹಳದಿ ಹಾಕು.